ರಾತ್ರಿ ತಂಪು, ಮಧ್ಯಾಹ್ನ ಸೆಕೆ: ಎಸಿಯ ಔಟ್‌ಡೋರ್ ಯೂನಿಟ್‌ನಲ್ಲಿ ದೋಷ ಹುಡುಕುವ ಬಗೆ

ನಮ್ಮ ಮನೆ ಇರುವುದು ರಾಯಚೂರಿನಲ್ಲಿ. ಏಪ್ರಿಲ್ ಬಂತೆಂದರೆ ಇಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವುದು ಮಾಮೂಲಿ. ಹೋದ ಬೇಸಿಗೆಯಲ್ಲಿ ನಮ್ಮ ಒಂದೂವರೆ ಟನ್ನಿನ ಸ್ಪ್ಲಿಟ್ ಎಸಿ ಒಂದು ವಿಚಿತ್ರ ಆಟ ಶುರು ಮಾಡಿತು. ರಾತ್ರಿ ಹನ್ನೊಂದರ ಮೇಲೆ ಹಾಕಿದರೆ ಹೊದೆಯಲು ಚಾದರ ಬೇಕು, ಅಷ್ಟು ತಂಪು. ಮಧ್ಯಾಹ್ನ ಎರಡಕ್ಕೆ ಹಾಕಿದರೆ ಇಪ್ಪತ್ತು ನಿಮಿಷ ತಣ್ಣನೆ ಗಾಳಿ, ಆಮೇಲೆ ಬರೀ ಫ್ಯಾನ್ ಗಾಳಿ. ಕಾಲು ಗಂಟೆ ಕಳೆದರೆ ಮತ್ತೆ ತಣ್ಣಗೆ. ಮತ್ತೆ ಬರೀ ಗಾಳಿ.

ಮೆಕ್ಯಾನಿಕ್ ಬಂದ. ಒಳಗಿನ ಯೂನಿಟ್ ಮುಂದೆ ಕೈ ಹಿಡಿದ, ರಿಮೋಟ್ ಒತ್ತಿದ, "ಗ್ಯಾಸ್ ಕಮ್ಮಿ ಆಗ್ಯದ್ರೀ ಸರ, ತುಂಬಿಸಬೇಕಾಗ್ತದ" ಅಂದ. ತಾರಸಿ ಹತ್ತಿ ಹೊರಗಿನ ಯೂನಿಟ್ ನೋಡಲೇ ಇಲ್ಲ. ಮೂರು ಸಾವಿರದ ಲೆಕ್ಕ ಹೇಳಿದ. ಸಂಜೆ ತಿಳಿಸುತ್ತೇನೆ ಅಂತ ಕಳಿಸಿದೆ. ಆವತ್ತು ಗ್ಯಾಸ್ ತುಂಬಿಸಿದ್ದರೆ ರೋಗ ಇನ್ನೂ ಜಾಸ್ತಿ ಆಗುತ್ತಿತ್ತು.

ಗ್ಯಾಸ್ ಮಾತು ಸ್ವಲ್ಪ ಬದಿಗಿರಲಿ

ಎಸಿಯ ಗ್ಯಾಸ್ ಪೆಟ್ರೋಲ್ ಅಲ್ಲ. ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಎಲ್ಲೋ ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಹಾಗೆ ಸೋರಿ ಕಡಿಮೆಯಾಗಿದ್ದರೆ ರಾತ್ರಿಯೂ ತಂಪು ಕಡಿಮೆ ಇರಬೇಕಿತ್ತು, ಅಲ್ವಾ? ರಾತ್ರಿ ಚಾದರ ಹೊದ್ದು ಮಲಗುವಷ್ಟು ತಂಪು ಬರುತ್ತಿದೆ ಎಂದರೆ ಗ್ಯಾಸ್ ಇದೆ, ಅದನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕೂಡ ಗಟ್ಟಿ ಇದೆ. ಮಧ್ಯಾಹ್ನ ಮಾತ್ರ ಕೈ ಕೊಡುತ್ತಿದೆ ಎಂದರೆ ಹೊರಗಿನ ಬಿಸಿಗೂ ಈ ದೋಷಕ್ಕೂ ನಂಟಿದೆ.

ಆ ನಂಟು ಏನೆಂದು ತಿಳಿಯಲು ಹೊರಗಿನ ಡಬ್ಬ ಮಾಡುವ ಕೆಲಸ ಗೊತ್ತಿರಬೇಕು. ಒಂದೂವರೆ ಟನ್ ಎಂದರೆ ಕೋಣೆಯಿಂದ ಸುಮಾರು 5.2 ಕಿಲೋವ್ಯಾಟ್ ಬಿಸಿ ಎತ್ತುವ ತಾಕತ್ತು. ಅದರ ಜೊತೆಗೆ ಕಂಪ್ರೆಸರ್ ತಿನ್ನುವ ಒಂದೂವರೆ ಕಿಲೋವ್ಯಾಟ್‌ನಷ್ಟು ಕರೆಂಟೂ ಕೊನೆಗೆ ಬಿಸಿಯೇ. ಎರಡೂ ಸೇರಿ ಆರೂವರೆ ಕಿಲೋವ್ಯಾಟ್ ದಾಟುತ್ತದೆ. ನೀರು ಕಾಯಿಸಲು ಬಕೆಟ್‌ಗೆ ಇಳಿಬಿಡುವ ಒಂದು ಕಿಲೋವ್ಯಾಟ್‌ನ ರಾಡ್ ಗೊತ್ತಲ್ಲ, ಅಂಥ ಆರೇಳು ರಾಡ್‌ಗಳ ಬಿಸಿಯನ್ನು ಆ ಡಬ್ಬ ಪ್ರತಿ ಕ್ಷಣ ಗಾಳಿಗೆ ಎಸೆಯಬೇಕು.

ಆ ಬಿಸಿ ಹೊರಗಿನ ಗಾಳಿಗೆ ಹೋಗಬೇಕೆಂದರೆ ಕಾಯಿಲ್‌ನೊಳಗಿನ, ಅಂದರೆ ಆ ಡಬ್ಬದಲ್ಲಿ ಸುತ್ತಿಟ್ಟ ಪೈಪಿನೊಳಗಿನ, ಗ್ಯಾಸ್ ಗಾಳಿಗಿಂತ ಬಿಸಿಯಾಗಿರಬೇಕು. ಹೊರಗೆ 30 ಇದ್ದಾಗ ಇದು ಸಲೀಸು. ಹೊರಗೆ 42 ಇದ್ದಾಗ ಗ್ಯಾಸ್ 55 ದಾಟಬೇಕಾಗುತ್ತದೆ. ಕಾಯಿಲ್ ಮೇಲೆ ಧೂಳು ಕೂತು ಗಾಳಿ ಹೋಗುವ ದಾರಿ ಮುಚ್ಚಿದ್ದರೆ ಅದಕ್ಕಿಂತಲೂ ಮೇಲೆ ಏರಬೇಕು. ಬಿಸಿ ಏರಿದಷ್ಟೂ ಒತ್ತಡ ಏರುತ್ತದೆ, ಕಂಪ್ರೆಸರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕಾಯುತ್ತದೆ. ಕೊನೆಗೆ ಅದನ್ನು ಕಾಪಾಡಲು ಇಟ್ಟಿರುವ ಓವರ್‌ಲೋಡ್ ಸ್ವಿಚ್ ಕಡಿದುಕೊಳ್ಳುತ್ತದೆ. ಆರಿದ ಮೇಲೆ ತಾನೇ ಕೂಡಿಕೊಳ್ಳುತ್ತದೆ. ನಮ್ಮ ಎಸಿಯ ಇಪ್ಪತ್ತು ನಿಮಿಷದ ಆಟದ ಗುಟ್ಟು ಇದು. ಇಂಥ ಹೊತ್ತಿನಲ್ಲಿ ಮೇಲಿಂದ ಇನ್ನಷ್ಟು ಗ್ಯಾಸ್ ಹಾಕಿದರೆ ಒತ್ತಡ ಮತ್ತೂ ಏರುತ್ತದೆ. ಹೊಟ್ಟೆ ಉಬ್ಬರಿಸಿಕೊಂಡು ಕೂತವನಿಗೆ ಇನ್ನೆರಡು ರೊಟ್ಟಿ ಬಡಿಸಿದ ಹಾಗೆ.

ಡಬ್ಬ ಬಿಚ್ಚುವ ಮೊದಲು

ಮೊದಲು ಒಳಗಿನ ಯೂನಿಟ್‌ನ ಫಿಲ್ಟರ್ ತೊಳೆದು ಹಾಕಿ. ಐದು ನಿಮಿಷದ ಕೆಲಸ. ಅದೇ ಕಟ್ಟಿಕೊಂಡಿದ್ದರೆ ಮುಂದಿನ ಯಾವ ಪರೀಕ್ಷೆಯೂ ಸರಿಯಾದ ಉತ್ತರ ಕೊಡುವುದಿಲ್ಲ. ಸ್ಟೆಬಿಲೈಜರ್ ಇದ್ದರೆ ಮಧ್ಯಾಹ್ನ ಅದರ ಮೇಲಿನ ಅಂಕಿ ನೋಡಿ. ವೋಲ್ಟೇಜ್ ತೀರಾ ಇಳಿದಿದ್ದರೂ ಕಂಪ್ರೆಸರ್ ಹೀಗೇ ಬಿದ್ದು ಬಿದ್ದು ಏಳುತ್ತದೆ. ನಮ್ಮಲ್ಲಿ 215 ಇತ್ತು. ಆ ಅನುಮಾನ ಅಲ್ಲಿಗೆ ಮುಗಿಯಿತು.

ಆಮೇಲೆ ಎಸಿ ಹಾಕಿ ತಾರಸಿಗೆ ಹೋಗಿ. ಕಾಲು ಗಂಟೆ ಬಿಟ್ಟು ಫ್ಯಾನ್ ಜಾಲರಿಯಿಂದ ಒಂದು ಮೊಳ ದೂರದಲ್ಲಿ ಕೈ ಹಿಡಿಯಿರಿ. ಗಾಳಿ ಜೋರಾಗಿ ಬರುತ್ತಿದ್ದು, ಹೊರಗಿನ ಗಾಳಿಗಿಂತ ಹತ್ತು ಡಿಗ್ರಿ ಆಸುಪಾಸು ಬಿಸಿ ಇದ್ದರೆ ಆರೋಗ್ಯವಾಗಿದೆ. ಗಾಳಿ ಸೊರಗಿದ್ದು, ಮುಖಕ್ಕೆ ಹೊಡೆಯುವಷ್ಟು ಬಿಸಿ ಇದ್ದರೆ ಹಿಂದೆ ದಾರಿ ಮುಚ್ಚಿದೆ. ಗಾಳಿ ಜೋರಾಗಿದೆ, ಆದರೆ ಬಿಸಿಯೇ ಇಲ್ಲ ಎಂದರೆ ಕಂಪ್ರೆಸರ್ ನಿಂತಿದೆ, ಇಲ್ಲವೇ ಗ್ಯಾಸ್ ನಿಜವಾಗಿಯೂ ಹೋಗಿದೆ. ಫ್ಯಾನೇ ತಿರುಗುತ್ತಿಲ್ಲ ಎಂದರೆ ತಕ್ಷಣ ಎಸಿ ಆರಿಸಿ. ಅದರ ಮಾತು ಆಮೇಲೆ ಬರುತ್ತದೆ.

ಕಿವಿಯನ್ನೂ ಕೊಡಿ. ಕಂಪ್ರೆಸರ್ ಓಡುವಾಗ ದಪ್ಪನೆಯ 'ಗುಂಯ್' ಸದ್ದು ಇರುತ್ತದೆ, ಡಬ್ಬದ ಮೇಲೆ ಕೈ ಇಟ್ಟರೆ ನಡುಕ ಗೊತ್ತಾಗುತ್ತದೆ. ನಮ್ಮದರಲ್ಲಿ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ 'ಟಕ್' ಅಂತ ಒಂದು ಸದ್ದಾಗಿ ಗುಂಯ್ ನಿಂತಿತು. ಫ್ಯಾನ್ ಮಾತ್ರ ಏನೂ ಆಗದವರ ಹಾಗೆ ತಿರುಗುತ್ತಲೇ ಇತ್ತು. ಕೆಳಗೆ ನಿಂತು ನೋಡುವವರಿಗೆ ಯೂನಿಟ್ ಓಡುತ್ತಿದೆ ಅಂತಲೇ ಅನಿಸುತ್ತದೆ. ಎಷ್ಟೋ ಜನ ಮೋಸ ಹೋಗುವುದು ಇಲ್ಲೇ.

ಪೈಪುಗಳನ್ನೂ ನೋಡಿ. ಯೂನಿಟ್‌ನ ಪಕ್ಕದಲ್ಲಿ ಒಂದು ಸಣ್ಣದು, ಒಂದು ದಪ್ಪನೆಯದು ಇರುತ್ತದೆ. ಮನೆಗಳಲ್ಲಿರುವ ಬಹುಪಾಲು ಸ್ಪ್ಲಿಟ್ ಎಸಿಗಳಲ್ಲಿ ಸಣ್ಣ ಪೈಪಿನ ವಾಲ್ವ್ ಮೇಲೆ ಹಿಮ ಕಟ್ಟಿದ್ದರೆ ಗ್ಯಾಸ್ ಸೋರಿಕೆಯ ಗುಮಾನಿ. ದಪ್ಪ ಪೈಪಿನ ಮೇಲೆ ಹಿಮ ಕಟ್ಟಿದ್ದರೆ ಒಳಗಿನ ಯೂನಿಟ್‌ನಲ್ಲಿ ಗಾಳಿ ಓಡಾಟ ಕಡಿಮೆ. ಎರಡೂ ಬರೀ ಬೆವೆತಿದ್ದರೆ ಒಳ್ಳೆಯದು. ನಮ್ಮವು ಬೆವೆತಿದ್ದವು.

ಕೊನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದ ಪರೀಕ್ಷೆ. ಗಿಡಗಳಿಗೆ ಔಷಧಿ ಹೊಡೆಯುವ ಪುಟ್ಟ ಪಂಪಿನಲ್ಲಿ ಬರೀ ನೀರು ತುಂಬಿ, ಯೂನಿಟ್‌ನ ಬೆನ್ನ ಕಡೆಯ ಕಾಯಿಲ್ ಮೇಲೆ ತುಂತುರು ಮಳೆಯಷ್ಟೇ ಸಿಂಪಡಿಸಿದೆ. ವೈರ್ ಇರುವ ಪಕ್ಕಕ್ಕೆ ಒಂದು ಹನಿಯೂ ಹೋಗದಂತೆ. ಐದೇ ನಿಮಿಷದಲ್ಲಿ ಕೆಳಗಿನಿಂದ ಮನೆಯವಳ ಕೂಗು: "ರೀ, ಈಗ ತಣ್ಣಗೆ ಬರಕತ್ತದ!" ಅಂದರೆ ಎಸಿಗೆ ಬಿಸಿ ಹೊರಹಾಕಲು ಸ್ವಲ್ಪ ನೆರವು ಸಿಕ್ಕರೆ ಸಾಕು, ಉಳಿದದ್ದೆಲ್ಲ ಸರಿ ಇದೆ. ಗ್ಯಾಸ್ ಕಡಿಮೆಯಾಗಿದ್ದರೆ ಎಷ್ಟು ನೀರು ಸಿಂಪಡಿಸಿದರೂ ಇಷ್ಟು ಚುರುಕು ಬರುತ್ತಿರಲಿಲ್ಲ. ಇದು ಪರೀಕ್ಷೆ ಮಾತ್ರ, ಚಿಕಿತ್ಸೆ ಅಲ್ಲ. ದಿನಾ ಬೋರ್ ನೀರು ಸಿಂಪಡಿಸಿದರೆ ಕಾಯಿಲ್ ಮೇಲೆ ಬಿಳಿ ಉಪ್ಪಿನ ಪದರ ಕಟ್ಟುತ್ತದೆ.

ಇನ್ವರ್ಟರ್ ಎಸಿ, ಅಂದರೆ ಕಂಪ್ರೆಸರ್ ವೇಗವನ್ನು ತಾನೇ ಬದಲಿಸಿಕೊಳ್ಳುವ ಎಸಿ, ಇರುವವರಿಗೆ ಒಂದು ಮಾತು. ಅದು ನಮ್ಮ ಹಳೆಯದರ ಹಾಗೆ ಒಮ್ಮೆಲೇ ನಿಲ್ಲುವುದಿಲ್ಲ. ಬಿಸಿ ಏರಿದಾಗ ತಾನೇ ವೇಗ ತಗ್ಗಿಸಿಕೊಂಡು ಕುಂಟುತ್ತಾ ಓಡುತ್ತದೆ. ಎಷ್ಟು ಹೊತ್ತು ಓಡಿದರೂ ಕೋಣೆ 24ಕ್ಕೆ ಇಳಿಯುವುದಿಲ್ಲ, ಬಿಲ್ ಮಾತ್ರ ಏರುತ್ತದೆ. ತೀರಾ ಆದಾಗ ಒಂದು ಎರರ್ ಕೋಡ್ ತೋರಿಸಿ ಕೂತುಬಿಡುತ್ತದೆ. ಆ ಕೋಡ್ ಒಂದೊಂದು ಕಂಪನಿಗೆ ಒಂದೊಂದು ಥರ, ಹಾಗಾಗಿ ಜೊತೆಗೆ ಬಂದ ಪುಸ್ತಕ ಎಸೆಯಬೇಡಿ.

ಬೆನ್ನ ಕಡೆ

ನಮ್ಮ ಯೂನಿಟ್ ಮುಂದಿನಿಂದ ನೋಡಿದರೆ ಹೊಸದರ ಹಾಗೆ ಇತ್ತು. ಮುಂದೆ ಇರುವುದು ಗಾಳಿ ಹೊರಬರುವ ಜಾಲರಿ, ಅಲ್ಲಿ ಕೊಳೆ ನಿಲ್ಲುವುದಿಲ್ಲ. ಗಾಳಿ ಒಳಗೆ ಹೋಗುವುದು ಹಿಂದಿನಿಂದ, ಗೋಡೆಯ ಕಡೆಯಿಂದ. ಅಲ್ಲಿಗೆ ಯಾರ ಕಣ್ಣೂ ಹೋಗುವುದಿಲ್ಲ. ಗೋಡೆಗೂ ಯೂನಿಟ್‌ಗೂ ನಡುವೆ ಒಂದು ಗೇಣು ಸಂದಿ. ಮೊಬೈಲ್‌ನ ಟಾರ್ಚ್ ಹಾಕಿ, ಸಂದಿಯಲ್ಲಿ ಕೈ ತೂರಿಸಿ ಸುಮ್ನೆ ಒಂದು ವಿಡಿಯೋ ತೆಗೆದೆ.

ವಿಡಿಯೋದಲ್ಲಿ ಕಾಯಿಲ್ ಕಾಣಲೇ ಇಲ್ಲ. ಬೂದು ಬಣ್ಣದ ಒಂದು ಕೌದಿ ಕಂಡಿತು. ಅಂಚು ಹಿಡಿದು ಎಳೆದರೆ ಅಂಗೈ ಅಗಲದ ತುಂಡು ಹಾಗೇ ಕಿತ್ತು ಬಂತು. ಬೆಳಕಿಗೆ ಹಿಡಿದು ನೋಡಿದೆ. ಒಳಗೆಲ್ಲ ಹತ್ತಿಯ ಎಳೆ, ಅದಕ್ಕೆ ಅಂಟಿದ ಕೆಂಪು ಧೂಳು, ಒಂದಿಷ್ಟು ಪಾರಿವಾಳದ ಪುಕ್ಕ, ಒಣಗಿದ ಬೇವಿನ ಎಲೆಯ ಕಡ್ಡಿ.

ರಾಯಚೂರು ಹತ್ತಿಯ ಊರು. ಚಳಿಗಾಲದಲ್ಲಿ ಲಾರಿ, ಟ್ರ್ಯಾಕ್ಟರ್ ತುಂಬ ಹತ್ತಿ ಬರುತ್ತದೆ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲುಗಳು ಓಡುತ್ತವೆ, ಎಳೆ ಊರೆಲ್ಲ ಹಾರುತ್ತದೆ. ತಾರಸಿಯ ಮೂಲೆ, ಗೋಡೆ ಸಂದಿಯಲ್ಲಿ ಕೂತು ಕಾಯುತ್ತದೆ. ಮಾರ್ಚ್‌ನಲ್ಲಿ ಎಸಿ ಹಾಕಿದ ಕೂಡಲೇ ಫ್ಯಾನ್ ಅದನ್ನೆಲ್ಲ ಎಳೆದು ಕಾಯಿಲ್‌ಗೆ ಅಂಟಿಸುತ್ತದೆ. ಧೂಳು ಒಂದೇ ಆಗಿದ್ದರೆ ಅಷ್ಟಿಷ್ಟು ಗಾಳಿಗೆ ಉದುರೀತು. ಎಳೆ ಬಲೆಯ ಹಾಗೆ ಕೂತು ಧೂಳನ್ನು ಹಿಡಿದುಕೊಳ್ಳುತ್ತದೆ. ಏಪ್ರಿಲ್ ಹೊತ್ತಿಗೆ ಕೌದಿ ತಯಾರು. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ ಪಕ್ಕದ ಮನೆಗಳಲ್ಲಿ ಭತ್ತದ ಹೊಟ್ಟು ಇದೇ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದ್ದರೆ ಸಿಮೆಂಟ್ ಧೂಳು.

ತೊಳೆಯುವುದು

ರಿಮೋಟಿನಲ್ಲಿ ಆರಿಸಿದರೆ ಸಾಲದು, ಬೋರ್ಡಿನಲ್ಲಿರುವ ಎಸಿಯ ಎಂಸಿಬಿ ಸ್ವಿಚ್ ಇಳಿಸಿ. ಇಳಿಸಿದ ಮೇಲೂ ಒಳಗಿನ ಕೆಪಾಸಿಟರ್ ಎಂಬ ಭಾಗ ಕರೆಂಟಿನ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ಇನ್ವರ್ಟರ್ ಬೋರ್ಡ್‌ನಲ್ಲಂತೂ ಜೀವಕ್ಕೆ ಅಪಾಯವಾಗುವಷ್ಟು. ಹತ್ತು ಹದಿನೈದು ನಿಮಿಷ ಬಿಡಿ, ಆಮೇಲೂ ವೈರು, ಟರ್ಮಿನಲ್‌ಗಳನ್ನು ಮುಟ್ಟುವ ಗೋಜಿಗೆ ಹೋಗಬೇಡಿ. ನಿಮ್ಮ ಯೂನಿಟ್ ಅಪಾರ್ಟ್‌ಮೆಂಟಿನ ಹೊರಗೋಡೆಗೆ ನೇತಾಡುತ್ತಿದ್ದರೆ ಕಿಟಕಿಯಿಂದ ಬಗ್ಗಿ ಸಾಹಸ ಮಾಡಬೇಡಿ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಇಳಿಯುವವರನ್ನೇ ಕರೆಸಿ. ಇಲ್ಲಿ ಹೇಳುವುದೆಲ್ಲ ತಾರಸಿ ಅಥವಾ ನೆಲದ ಮೇಲೆ ಕೂತ ಯೂನಿಟ್‌ನ ಮಾತು.

ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿ ತೆಗೆದೆ. ಬಿಚ್ಚುವ ಮೊದಲೂ ಆಮೇಲೂ ಫೋಟೊ ತೆಗೆದಿಟ್ಟುಕೊಂಡರೆ ಜೋಡಿಸುವಾಗ ಒದ್ದಾಟ ಇಲ್ಲ. ಒಂದು ಕಡೆ ಫ್ಯಾನ್, ಇನ್ನೊಂದು ಕಡೆ ತಗಡಿನ ಅಡ್ಡಗೋಡೆ, ಅದರಾಚೆ ಕಂಪ್ರೆಸರ್. ಅದರ ಮೇಲ್ಗಡೆ ವೈರು, ಕೆಪಾಸಿಟರ್ ಇರುವ ಪೆಟ್ಟಿಗೆ. ಆ ಪೆಟ್ಟಿಗೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟಿದೆ.

ಈಗ ಎಲ್ಲರೂ ಮಾಡುವ ತಪ್ಪು: ನೇರವಾಗಿ ನೀರು ಬಿಡುವುದು. ಹತ್ತಿ ಎಳೆಗೆ ನೀರು ಬಿದ್ದರೆ ಅದು ಹಿಟ್ಟಿನ ಹಾಗೆ ನಾದಿಕೊಂಡು ಫಿನ್‌ಗಳ, ಅಂದರೆ ಕಾಯಿಲ್‌ನ ತೆಳು ಪಟ್ಟಿಗಳ, ಸಂದಿಗೆ ಇಳಿಯುತ್ತದೆ. ಅಲ್ಲಿ ಒಣಗಿದರೆ ಆಮೇಲೆ ಅದನ್ನು ತೆಗೆಯುವುದು ದೊಡ್ಡ ತಲೆನೋವು. ಮೊದಲು ಒಣ ಕೆಲಸ ಮುಗಿಸಬೇಕು. ಕೈಗೆ ಸಿಕ್ಕಷ್ಟು ಕೌದಿ ಎಳೆದು ತೆಗೆದೆ, ಉಳಿದದ್ದಕ್ಕೆ ಮೆತ್ತನೆಯ ಪೇಂಟ್ ಬ್ರಶ್. ಫಿನ್‌ಗಳು ಮೇಲಿಂದ ಕೆಳಕ್ಕೆ ನಿಂತಿರುತ್ತವೆ. ಬ್ರಶ್ ಕೂಡ ಮೇಲಿಂದ ಕೆಳಕ್ಕೇ ಓಡಬೇಕು. ಅಡ್ಡ ಉಜ್ಜಿದರೆ ಆ ಕಾಗದದಂಥ ಅಲ್ಯೂಮಿನಿಯಂ ಮಡಚಿಕೊಂಡು ದಾರಿಯನ್ನೇ ಮುಚ್ಚುತ್ತದೆ.

ಆಮೇಲೆ ನೀರು, ಅದೂ ಒಳಗಿನಿಂದ ಹೊರಕ್ಕೆ. ಗಾಳಿ ಕೊಳೆಯನ್ನು ಹೊರಗಿನಿಂದ ಒಳಕ್ಕೆ ತಳ್ಳಿದೆ, ನೀರು ಬಂದ ದಾರಿಯಲ್ಲೇ ಅದನ್ನು ವಾಪಸ್ ಕಳಿಸಬೇಕು. ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದಷ್ಟು ರಭಸ ಸಾಕು. ಕಾರು ತೊಳೆಯುವ ಜೆಟ್ ತಂದು ಹೊಡೆದರೆ ಐದು ನಿಮಿಷದಲ್ಲಿ ಫಿನ್ ಎಲ್ಲ ಮಲಗುತ್ತವೆ. ಎಣ್ಣೆ ಜಿಡ್ಡು ಇದ್ದರೆ, ಅಂದರೆ ಅಡುಗೆಮನೆ ಚಿಮಣಿ ಪಕ್ಕದಲ್ಲೇ ಯೂನಿಟ್ ಇದ್ದರೆ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಚಮಚ ಬಕೆಟ್ ನೀರಿಗೆ ಹಾಕಿ ಬಳಸಬಹುದು. ಬಚ್ಚಲಿಗೆ ಹಾಕುವ ಆಸಿಡ್ ಮಾತ್ರ ಬೇಡವೇ ಬೇಡ. ಹೊಳಪು ಬರುತ್ತದೆ ಅಂತ ಕೆಲವರು ಬಳಸುತ್ತಾರೆ. ಬರುವ ಹೊಳಪು ಅಲ್ಯೂಮಿನಿಯಂ ಕರಗಿದ್ದರಿಂದ ಬಂದದ್ದು.

ಮೊದಲ ನೀರು ಹಾಲು ಜಾಸ್ತಿ ಹಾಕಿದ ಚಹಾದ ಹಾಗೆ ಇಳಿಯಿತು. ನಾಲ್ಕನೇ ಸಲಕ್ಕೆ ತಿಳಿಯಾಯಿತು. ಅಷ್ಟಕ್ಕೇ ನಿಲ್ಲಿಸಬೇಡಿ. ನಮ್ಮ ಕಾಯಿಲ್ ಎರಡು ಪದರದ್ದು, ಎರಡರ ನಡುವೆ ಕೊಳೆ ಅಡಗಿ ಕೂತಿರುತ್ತದೆ. ಮುಸ್ಸಂಜೆಯಲ್ಲಿ ಒಳಗೆ ಟಾರ್ಚ್ ಇಟ್ಟು ಹಿಂದಿನಿಂದ ನೋಡಿದೆ. ಮೇಲರ್ಧದಲ್ಲಿ ಬೆಳಕು ಸಣ್ಣ ಗೆರೆಗೆರೆಯಾಗಿ ಕಂಡಿತು. ಕೆಳಗೆ ಕಪ್ಪು. ಅಲ್ಲಿಗೆ ಇನ್ನೂ ಮೂರು ಸುತ್ತು ನೀರು ಬಿದ್ದ ಮೇಲೆ ಗೆರೆ ಮೂಡಿದವು. ಬುಡದ ತಟ್ಟೆಯಲ್ಲಿ ನೀರು ಹೋಗುವ ತೂತು ಕೂಡ ಕೆಸರಿನಿಂದ ಮುಚ್ಚಿತ್ತು, ಕಡ್ಡಿಯಲ್ಲಿ ಬಿಡಿಸಿದೆ. ಅಲ್ಲಿ ನೀರು ನಿಂತರೆ ತಳ ತುಕ್ಕು ಹಿಡಿಯುತ್ತದೆ. ರಾತ್ರಿಯಿಡೀ ಒಣಗಲು ಬಿಟ್ಟು ಬೆಳಿಗ್ಗೆ ಮುಚ್ಚಳ ಹಾಕಿದೆ.

ಅಷ್ಟಾದರೂ ಪೂರ್ತಿ ಸರಿಯಾಗಲಿಲ್ಲ

ಮರುದಿನ ಮಧ್ಯಾಹ್ನ ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಒಂದೂವರೆ ಗಂಟೆ ಓಡಿತು. ಆಮೇಲೆ ಮತ್ತೆ 'ಟಕ್'. ನನಗೆ ಸಿಟ್ಟೇ ಬಂತು. ಒಂದು ಸಾದಾ ಥರ್ಮಾಮೀಟರ್ ಹಿಡಿದು ಹೋದೆ. ತಾರಸಿಯ ನೆರಳಿನಲ್ಲಿ 41 ತೋರಿಸಿತು. ಅದನ್ನೇ ಯೂನಿಟ್‌ನ ಬೆನ್ನ ಹಿಂದೆ, ಗಾಳಿ ಒಳಗೆ ಹೋಗುವ ಜಾಗದಲ್ಲಿ ಇಟ್ಟರೆ 49!

ಎಂಟು ಡಿಗ್ರಿ ಎಲ್ಲಿಂದ ಬಂತು? ಯೂನಿಟ್‌ಗೆ ಬಿಸಿಲು ತಾಗಬಾರದು ಅಂತ ಅಪ್ಪ ಹಿಂದಿನ ವರ್ಷ ತಗಡಿನ ಗೂಡು ಕಟ್ಟಿಸಿದ್ದರು. ಮೇಲೆ ತಗಡು, ಎರಡೂ ಪಕ್ಕ ತಗಡು, ಎದುರಿಗೆ ಒಂದೂವರೆ ಅಡಿ ದೂರದಲ್ಲಿ ಪ್ಯಾರಪೆಟ್ ಗೋಡೆ. ಯೂನಿಟ್ ಎಸೆದ ಬಿಸಿ ಗಾಳಿ ಗೋಡೆಗೆ ಬಡಿದು, ಗೂಡಿನೊಳಗೇ ಸುತ್ತಿ, ಹಿಂದಿನಿಂದ ಮತ್ತೆ ಒಳಗೆ ಹೋಗುತ್ತಿತ್ತು. ತನ್ನ ಉಸಿರನ್ನು ತಾನೇ ಕುಡಿಯುತ್ತಿತ್ತು.

"ಬಿಸಿಲಾಗ ಮಷಿನ್ ಸುಟ್ಟು ಹೋಗಲ್ಲೇನೋ?" ಅಂದರು ಅಪ್ಪ.

"ಬಿಸಿಲಿಗೇನೂ ಆಗಲ್ಲಪ್ಪ, ಇದಕ್ಕೆ ಗಾಳಿ ಇಲ್ದಿದ್ರನ ತ್ರಾಸ."

ಒಪ್ಪಿದರೋ ಇಲ್ಲವೋ, ಪಕ್ಕದ ಎರಡು ತಗಡು ತಾವೇ ಬಿಚ್ಚಿದರು. ಮೇಲಿನದನ್ನು ಎರಡು ಅಡಿ ಎತ್ತರಿಸಿ ಬಿಟ್ಟೆವು. ಯೂನಿಟ್ ಅನ್ನು ಒಬ್ಬ ಗೊತ್ತಿರುವ ಮೆಕ್ಯಾನಿಕ್ ಬಂದು ಗಾಳಿ ಪ್ಯಾರಪೆಟ್‌ನ ಉದ್ದಕ್ಕೆ ಹೋಗುವಂತೆ ತಿರುಗಿಸಿ ಕೂರಿಸಿದ. ತಾಮ್ರದ ಪೈಪು ಬಗ್ಗಿಸುವ ಕೆಲಸ ಇರುವುದರಿಂದ ಅದನ್ನು ನಾವೇ ಮಾಡಲು ಹೋಗಬಾರದು. ಅವನ ಕೈಯಲ್ಲಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಇತ್ತು. ಮಧ್ಯಾಹ್ನ ಎರಡೂವರೆಗೆ 7.2 ಆಂಪಿಯರ್. ಯೂನಿಟ್ ಮೇಲಿನ ಸ್ಟಿಕ್ಕರ್‌ನಲ್ಲಿ ಬರೆದಿದ್ದು 7. ಬಿಸಿಲಿಗೆ ಅಷ್ಟು ಹೆಚ್ಚುಕಮ್ಮಿ ಸಹಜ. ಬೆನ್ನ ಹಿಂದಿನ ಥರ್ಮಾಮೀಟರ್ 42ಕ್ಕೆ ಇಳಿದಿತ್ತು. ಎಸಿ ಸಂಜೆ ಆರರವರೆಗೆ ನಿಲ್ಲದೆ ಓಡಿತು.

ಎದುರಿಗೆ ಒಣಹಾಕಿದ ಬೆಡ್‌ಶೀಟ್, ಹಿಂದೆ ತುರುಕಿದ ಹಳೆ ಮಂಚ, ಪಕ್ಕದಲ್ಲೇ ಇನ್ನೊಂದು ಎಸಿಯ ಬಿಸಿ ಗಾಳಿ, ಎಲ್ಲವೂ ಇದೇ ಕಾಯಿಲೆ ತರುತ್ತವೆ. ಥರ್ಮಾಮೀಟರ್ ಒಂದಿದ್ದರೆ ಪತ್ತೆ ಸುಲಭ.

ಕೊಳೆಯ ತಪ್ಪಲ್ಲದಾಗ

ಫ್ಯಾನ್ ತಿರುಗದೆ ಬರೀ ಗುಂಯ್‌ಗುಡುತ್ತಿದ್ದರೆ, ಇಲ್ಲ ಸೋಮಾರಿಯ ಹಾಗೆ ನಿಧಾನ ತಿರುಗುತ್ತಿದ್ದರೆ, ಮೊದಲ ಅನುಮಾನ ಕೆಪಾಸಿಟರ್ ಮೇಲೆ. ಬೇಸಿಗೆಯಲ್ಲಿ ಔಟ್‌ಡೋರ್ ಯೂನಿಟ್‌ನಲ್ಲಿ ತುಂಬಾ ಸಲ ಸಾಯುವ ಅಗ್ಗದ ಭಾಗ ಇದೇ. ತಲೆ ಉಬ್ಬಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಉಬ್ಬದೆಯೂ ಸೋತಿರಬಹುದು. ಮೈಮೇಲೆ ಬರೆದ ಮೈಕ್ರೋಫ್ಯಾರಡ್ ಲೆಕ್ಕಕ್ಕಿಂತ ಹತ್ತರಲ್ಲಿ ಒಂದು ಪಾಲಿಗೂ ಜಾಸ್ತಿ ಇಳಿದಿದ್ದರೆ ಬದಲಿಸಬೇಕು. ಅಳೆಯುವುದು, ಬದಲಿಸುವುದು ಎರಡೂ ಚಾರ್ಜ್ ಇಳಿಸಲು ಗೊತ್ತಿರುವವರ ಕೆಲಸ. ಹೊಸ ಕೆಪಾಸಿಟರ್ ಹಾಕಿದರೂ ನಿಧಾನವೇ ಇದ್ದರೆ ಮೋಟಾರಿನ ಬೇರಿಂಗ್.

ಯೂನಿಟ್ ಪೂರ್ತಿ ಸತ್ತಂತಿದ್ದು ಸುಟ್ಟ ವಾಸನೆ ಬಂದರೆ ಹಲ್ಲಿಯನ್ನೂ ಹುಡುಕಿ. ಬೆಚ್ಚಗಿರುವ ಬೋರ್ಡ್ ಮೇಲೆ ಮಲಗಲು ಬಂದು, ಎರಡು ಟರ್ಮಿನಲ್ ನಡುವೆ ಸೇತುವೆಯಾಗಿ, ತಾನೂ ಸುಟ್ಟು ಬೋರ್ಡನ್ನೂ ಸುಡುತ್ತದೆ. ವೈರ್ ಒಳಗೆ ಹೋಗುವ ತೂತಿಗೆ ರಬ್ಬರ್ ಇದೆಯೇ ನೋಡಿಕೊಳ್ಳಿ.

ಗ್ಯಾಸ್ ನಿಜವಾಗಿಯೂ ಸೋರಿದ್ದರೆ ಪೈಪಿನ ನಟ್ ಸುತ್ತ ಎಣ್ಣೆ ಜಿಡ್ಡಿನ ಕಲೆ ಇರುತ್ತದೆ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ತುಂಬಿಸುವವರಿಗೆ ಮೂರು ಮಾತು ಕೇಳಿ: ಸೋರಿಕೆ ಎಲ್ಲಿ, ಮುಚ್ಚಿದಿರಾ? ವ್ಯಾಕ್ಯೂಮ್ ಎಳೆಯುತ್ತೀರಾ, ಅಂದರೆ ಪೈಪಿನೊಳಗಿನ ಗಾಳಿ, ತೇವ ತೆಗೆಯುತ್ತೀರಾ? ಸ್ಟಿಕ್ಕರ್‌ನಲ್ಲಿ ಬರೆದ ಗ್ರಾಂ ಲೆಕ್ಕಕ್ಕೆ ತೂಕ ಮಾಡಿ ಹಾಕುತ್ತೀರಾ? ಇನ್ನೊಂದು ವಿಷಯ, ಕಾಯಿಲ್ ತೊಳೆಯುವ ಮೊದಲು ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದ ಲೆಕ್ಕ ನಂಬಬೇಡಿ. ಕಟ್ಟಿಕೊಂಡ ಕಾಯಿಲ್ ಒತ್ತಡವನ್ನೇ ಏರುಪೇರು ಮಾಡಿರುತ್ತದೆ. ಈಗಿನ ಎಸಿಗಳಲ್ಲಿರುವ ಆರ್-32 ಗ್ಯಾಸ್ ಸ್ವಲ್ಪ ಮಟ್ಟಿಗೆ, ಆರ್-290 ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ವಾಲ್ವ್‌ಗಳ ಕಡೆ ನಾವು ಕೈ ಹಾಕಬಾರದು.

ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎನ್ನುವುದಕ್ಕೆ ಊರೇ ಉತ್ತರ. ನಮ್ಮ ಕಡೆ ಹತ್ತಿ ಸೀಸನ್ ಮುಗಿದ ಮೇಲೆ ಮಾರ್ಚ್‌ನಲ್ಲಿ ಒಂದು ಸಲ ಪೂರ್ತಿ, ಮೇ ಮೊದಲ ವಾರ ಬ್ರಶ್ಶಿನಲ್ಲಿ ಒಂದು ಸಲ. ಮಂಗಳೂರು, ಕಾರವಾರದಲ್ಲಿ ಧೂಳಿಗಿಂತ ಕಡಲ ಗಾಳಿಯ ಉಪ್ಪು ವೈರಿ. ಫಿನ್ ಬಿಳಿ ಪುಡಿಯಾಗಿ ಉದುರುತ್ತದೆ. ಅಲ್ಲಿ ಮಳೆ ಇಲ್ಲದ ತಿಂಗಳುಗಳಲ್ಲಿ ಆಗಾಗ ಸಿಹಿ ನೀರು ಹಾಯಿಸುವುದೇ ಮದ್ದು. ಮಳೆಗಾಲದಲ್ಲಿ ಯೂನಿಟ್‌ಗೆ ಪ್ಲಾಸ್ಟಿಕ್ ಹೊದಿಸಿಡುವವರಿದ್ದಾರೆ. ಅದು ಮಳೆ ತಡೆಯುವ ಹಾಗೆಯೇ ಮಾಡಿದ ಡಬ್ಬ. ಹೊದಿಸಿದರೆ ಒಳಗೆ ತೇವ ನಿಂತು ತುಕ್ಕು, ಜೊತೆಗೆ ಇಲಿಗೆ ಒಳ್ಳೆ ಮನೆ.

ತೊಳೆದು ಜೋಡಿಸಿದ ಮೇಲೆ ಹೊಸದೊಂದು 'ಗರಗರ' ಶುರುವಾದರೆ ಗಾಬರಿ ಬೇಡ. ನಮ್ಮದೂ ಮೊದಲ ದಿನ ಹಳೆ ಲೂನಾದ ಹಾಗೆ ಸದ್ದು ಮಾಡಿತು. ವೈರ್ ಯಾವುದಾದರೂ ಫ್ಯಾನ್ ರೆಕ್ಕೆಗೆ ತಾಗುತ್ತಿದೆಯೋ ಅಂತ ಎಂಸಿಬಿ ಇಳಿಸಿ ನೋಡಿದೆ, ಇಲ್ಲ. ಮುಚ್ಚಳ ಒತ್ತಿ ಹಿಡಿದರೆ ಸದ್ದು ನಿಲ್ಲುತ್ತಿತ್ತು. ಎಣಿಸಿದರೆ ಹಿಂದಿನ ಮೂಲೆಯ ಒಂದು ಸ್ಕ್ರೂ ಇಲ್ಲ. ಅದು ಎರಡು ದಿನ ಬಿಟ್ಟು ವಾಷಿಂಗ್ ಮಷಿನ್‌ನಲ್ಲಿ, ನನ್ನ ಪ್ಯಾಂಟಿನ ಜೇಬಿನಿಂದ ಸಿಕ್ಕಿತು.